ಫೋಟೋ ತೆಗೆದ್ರು, ಕೊಡಲಿಲ್ಲ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಆರೋಗ್ಯ ಸಂಶೋಧನೆ ಮಾಡೋರಿಗೆ ಒಂದು ಪ್ರಶ್ನೆ

ಶಿರಾ ಸೀಮೆ · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಸಮುದಾಯ ಆರೋಗ್ಯದಲ್ಲಿ ಪಿಎಚ್.ಡಿ ಮಾಡ್ತಿದೀನಿ, ಎರಡನೇ ವರ್ಷ. ಟಿಬಿ ಅಂತ ಗೊತ್ತಾಗೋ ಮುಂಚೆ ಒಬ್ಬ ಮನುಷ್ಯ ಎಲ್ಲೆಲ್ಲಿ ಅಲೆದಿರ್ತಾನೆ ಅನ್ನೋದು ನನ್ನ ವಿಷಯ. ಮಧುಗಿರಿ, ಪಾವಗಡ, ಶಿರಾ ಕಡೆ ಮನೆ ಮನೆ ತಿರುಗ್ತಿದೀನಿ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿತ್ತು. ನಾನೂ ಪಕ್ಕದಲ್ಲಿ ಕೂತು ಸುಲೀತಾ ನನ್ನ ಕೆಲಸ ಏನು ಅಂತ ಹೇಳ್ತಿದ್ದೆ. ಅಜ್ಜಿ ಕೈ ನಿಲ್ಲಿಸದೇ, "ನಾನು ಹುಡುಗಿಯಾಗಿದ್ದಾಗ ಒಂದು ವ್ಯಾನು ಬಂದಿತ್ತು ಕಣೆ. ಊರೋರನ್ನೆಲ್ಲ ಸಾಲಾಗಿ ನಿಲ್ಸಿ ಎದೆ ಫೋಟೋ ತೆಗೆದ್ರು. ನಮ್ಮಪ್ಪ ಒಗೆದ ಅಂಗಿ ಹಾಕ್ಕೊಂಡು ಹೋಗಿದ್ದ, ಅದನ್ನ ಬಿಚ್ಚಿಸಿದ್ರು. ಆಮೇಲೆ ಸಂತೆಗೆ ಹೋದಾಗೆಲ್ಲ ಫೋಟೋ ಬಂತಾ ಅಂತ ಕೇಳ್ಕೊಂಡು ಬರೋನು. ಕೊಡಲೇ ಇಲ್ಲ" ಅಂತು.

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳೀತು. ಆ ವ್ಯಾನಿನ ಕಥೆಯ ಇನ್ನೊಂದು ತುದಿಯನ್ನ ನಾನು ಲೈಬ್ರರಿಯಲ್ಲಿ ಓದಿದ್ದೆ. 1959ರಲ್ಲಿ ಬೆಂಗಳೂರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿತ್ತು. ಹಳ್ಳಿಗಳಲ್ಲಿ ಟಿಬಿ ಎಷ್ಟಿದೆ ಅಂತ ಅಳೆಯೋಕೆ ಅವರು ಆರಿಸಿಕೊಂಡಿದ್ದು ನಮ್ಮ ತುಮಕೂರು ಜಿಲ್ಲೆಯನ್ನ. ಎಕ್ಸ್‌ರೇಯಲ್ಲಿ ಸಿಕ್ಕವರನ್ನ ಮಾತಾಡಿಸಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಬರೆದ ಲೇಖನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಹಳ್ಳಿ ಜನಕ್ಕೆ ಕಾಯಿಲೆ ಬಂದಿರೋದೇ ತಿಳಿಯಲ್ಲ, ನಾವೇ ಹೋಗಿ ಹುಡುಕಬೇಕು ಅನ್ನೋದು ಆಗಿನ ನಂಬಿಕೆ. ತುಮಕೂರಿನವರು ಹೇಳಿದ್ದೇ ಬೇರೆ. ಕಫದಲ್ಲಿ ಟಿಬಿ ಇದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಆಗ್ತಿದೆ ಅಂತ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ರು. ಅವರ ಕೈಗೆ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ಕಳಿಸಿದ್ರು.

ಅಂದ್ರೆ ಜನ ಬಂದಿದ್ರು. ಬಂದವರ ಮಾತು ಕೇಳೋರು ಇರಲಿಲ್ಲ.

ಲೇಖನ ಅಚ್ಚಾಗೋ ಮುಂಚೆಯೇ, 1962ರ ರಾಷ್ಟ್ರೀಯ ಟಿಬಿ ಕಾರ್ಯಕ್ರಮ ರೂಪುಗೊಂಡಿದ್ದು ಈ ಅರಿವಿನ ಮೇಲೆ: ಕೆಮ್ಮು ಅಂತ ಸಾಮಾನ್ಯ ಆಸ್ಪತ್ರೆಗೆ ಬಂದವನ ಕಫ ಅಲ್ಲೇ ನೋಡು, ಔಷಧಿ ಅಲ್ಲೇ ಕೊಡು. ಆ ದಿನಗಳಲ್ಲಿ ಭಾರತದ ಟಿಬಿ ಕೆಲಸದಲ್ಲಿದ್ದ ಹಾಫ್‌ಡನ್ ಮಾಹ್ಲರ್ ಮುಂದೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ್ರು. 'ಎಲ್ಲರಿಗೂ ಆರೋಗ್ಯ' ಅನ್ನೋ 1978ರ ಆಲ್ಮಾ ಅಟಾ ಘೋಷಣೆ ಬಂದಿದ್ದು ಅವರ ಕಾಲದಲ್ಲೇ. ಜಗತ್ತಿನ ಆರೋಗ್ಯ ನೀತಿಗೆ ನಮ್ಮ ಜಿಲ್ಲೆಯ ಕೆಮ್ಮು ಕೂಡ ಒಂದು ಪಾಠ ಹೇಳಿಕೊಟ್ಟಿದೆ ಅಂತ ನಾನು ನಂಬಿದೀನಿ. ಆದ್ರೆ ನನ್ನ ಮುತ್ತಾತನಿಗೆ ಫೋಟೋ ಸಿಗಲಿಲ್ಲ.

ಈಗ ನಾನೂ ಟ್ಯಾಬ್ ಹಿಡ್ಕೊಂಡು ಅದೇ ಊರುಗಳಿಗೆ ಹೋಗ್ತಿದೀನಿ. ನಿಮ್ಮನ್ನ ಕೇಳ್ತೀನಿ: ನೀವು ಊರಿಂದ ತಂದಿದ್ದರಲ್ಲಿ ಏನನ್ನ ವಾಪಸ್ ಕೊಟ್ರಿ? ನೀವು ಕೇಳೋ ಪ್ರಶ್ನೆ ಯಾರದು?

ಪಾವಗಡ ಬೈಕು · ಭಾನುವಾರ, ರಾತ್ರಿ 10.25

ಮೇಡಂ, ನಾನು ಸಂಶೋಧಕ ಅಲ್ಲ. ಟಿಬಿ ವಿಭಾಗದಲ್ಲಿ ಚಿಕಿತ್ಸಾ ಮೇಲ್ವಿಚಾರಕ, ಹನ್ನೊಂದು ವರ್ಷ ಆಯ್ತು. ನೀವು ಹೇಳಿದ ಬಾಟ್ಲಿ ನಾನು ಈ ವಾರವೂ ನೋಡಿದೀನಿ.

ಗಾರೆ ಕೆಲಸದವರು, ನಲವತ್ತರ ಆಸುಪಾಸು. ಮನೆಯೊಳಗೆ ಹೋದ್ರೆ ಕಿಟಕಿ ಕಟ್ಟೆ ಮೇಲೆ ಐದು ಸಿರಪ್ ಬಾಟ್ಲಿ ಸಾಲಾಗಿ ಇಟ್ಟಿದ್ರು. ಒಂದು ಮೆಡಿಕಲ್ ಸ್ಟೋರಿಂದು, ಎರಡು ಊರ ಡಾಕ್ಟ್ರು ಕೊಟ್ಟಿದ್ದು, ಒಂದು ಬೆಂಗಳೂರಲ್ಲಿ ಕೆಲಸದ ಜಾಗದಲ್ಲಿ ತಗೊಂಡಿದ್ದು, ಇನ್ನೊಂದು ಗಡಿಯಾಚೆ ಮಡಕಶಿರಾದ್ದು. ಮುಚ್ಚಳಗಳನ್ನ ಹೆಂಗಸು ಜೋಪಾನವಾಗಿ ತೊಳೆದು ಹಾಕಿದ್ರು, ಮಗುವಿಗೆ ಜ್ವರ ಬಂದ್ರೆ ಅಳತೆಗೆ ಬೇಕಾಗ್ತದೆ ಅಂತ. ನಾಲ್ಕು ತಿಂಗಳ ಕೆಮ್ಮು. ಕಫದ ಡಬ್ಬಿ ಅವರ ಕೈಗೆ ಮೊದಲ ಸಲ ಕೊಟ್ಟಿದ್ದು ನಾನು. ಕಫದಲ್ಲಿ ಟಿಬಿ ಇದೆಯಾ ಅಂತ ನೋಡೋ ಟ್ರೂನಾಟ್ ಮಷಿನ್ ಬಂದ ಮೇಲೆ ರಿಪೋರ್ಟ್ ಬೇಗ ಬರ್ತದೆ, ಅದು ದೊಡ್ಡ ಉಪಕಾರ. ಆದ್ರೆ ಮಷಿನ್ ತನಕ ಬರೋ ದಾರಿ ಇನ್ನೂ ಹಳೇದೇ.

ಇನ್ನೊಂದು ವಿಷಯ ಹೇಳಲೇಬೇಕು. ಊಟ. ಟಿಬಿ ರೋಗಿಯ ಊಟಕ್ಕೆ ಅಂತ ಸರ್ಕಾರದ ನಿಕ್ಷಯ್ ಪೋಷಣೆ ಯೋಜನೆಯಿಂದ 2018ರಿಂದ ತಿಂಗಳಿಗೆ 500 ರೂಪಾಯಿ ಬರ್ತಿತ್ತು, 2024ರ ನವೆಂಬರಿಂದ 1000 ಆಗಿದೆ. ಒಳ್ಳೇದಾಯ್ತು. ಆದ್ರೆ ಆ ದುಡ್ಡಿನ ಊಟ ರೋಗಿ ಒಬ್ಬರ ತಟ್ಟೆಗೆ ಬೀಳಲ್ಲ, ಮನೆಯವರೆಲ್ಲ ಹಂಚ್ಕೊಂಡು ತಿಂತಾರೆ. ಯಾವ ತಾಯಿ ಮಕ್ಕಳ ಮುಂದೆ ಒಬ್ಬಳೇ ಮೊಟ್ಟೆ ತಿಂತಾಳೆ ಹೇಳಿ. ಇದರ ಬಗ್ಗೆ ಯಾರಾದ್ರೂ ಪರೀಕ್ಷೆ ಮಾಡಿದಾರಾ?

ಶಿರಾ ಸೀಮೆ · ಭಾನುವಾರ, ರಾತ್ರಿ 10.50

ಮಾಡಿದಾರೆ ಸರ್, ನಮ್ಮ ರಾಜ್ಯದವರೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ 2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ 'ರೇಷನ್ಸ್' ಅನ್ನೋ ಅಧ್ಯಯನ ನಡೆಸಿತು. ಎಲ್ಲ ರೋಗಿಗಳಿಗೂ ದಿನಸಿ ಕೊಟ್ರು. ಅರ್ಧ ಕಡೆ ಮಾತ್ರ ಮನೆ ಮಂದಿಗೂ ಅಕ್ಕಿ, ಬೇಳೆ ಕೊಟ್ರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು 39 ಶೇಕಡ ಕಡಿಮೆ ಆಯ್ತು, ಹರಡೋ ಥರದ ಟಿಬಿ 48 ಶೇಕಡ ಕಡಿಮೆ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳ ಬಳಗದಲ್ಲಿ ಪ್ರಕಟವಾಯ್ತು. ಅಕ್ಕಿ ಬೇಳೆ ಲಸಿಕೆಯ ಹಾಗೆ ಕೆಲಸ ಮಾಡಿದೆ. ನಮ್ಮ ಕಡೆ ರಾಗಿ, ಹುರುಳಿ ಕೊಟ್ಟು ನೋಡಬೇಕು ಅಂತ ನನಗೆ ಬಹಳ ಆಸೆ. ನಿಮ್ಮ ಮೊಟ್ಟೆ ಮಾತನ್ನ ನನ್ನ ಟಿಪ್ಪಣಿಯಲ್ಲಿ ಬರ್ಕೊಂಡೆ.

ಮುಳಬಾಗಿಲು ಹೈದ · ಸೋಮವಾರ, ಬೆಳಿಗ್ಗೆ 7.15

ಯಾರ ಪ್ರಶ್ನೆ ಅಂತ ಕೇಳಿದ್ರಲ್ಲ ಅಕ್ಕ, ನನ್ನದಂತೂ ಅಲ್ಲ.

ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ಒಂದು ಪ್ರಾಜೆಕ್ಟ್‌ನಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ನಮೂನೆ ಹೊರಗಿಂದ ಬಂದಿತ್ತು, ನೂರಾರು ಕಡೆ ಬಳಸೋದು. ಅದರಲ್ಲಿ 'ಸಾಮಾನ್ಯವಾಗಿ ವಾರದಲ್ಲಿ ಎಷ್ಟು ದಿನ ಹಣ್ಣು ತಿನ್ನುತ್ತೀರಿ' ಅಂತ ಇತ್ತು. ಶ್ರೀನಿವಾಸಪುರದಲ್ಲಿ ಮಾವಿನ ತೋಪಿನ ಯಜಮಾನರೊಬ್ಬರನ್ನ ಕೇಳಿದೆ. ಅವರು ನನ್ನ ಮುಖ ನೋಡಿ, "ಮೇ ತಿಂಗಳಲ್ಲಿ ಕೇಳಿದ್ರೆ ಒಂದು ಹೇಳ್ತೀನಿ, ದೀಪಾವಳಿಗೆ ಕೇಳಿದ್ರೆ ಒಂದು ಹೇಳ್ತೀನಿ, ಯಾವುದು ಬರ್ಕೋತೀಯಪ್ಪ?" ಅಂದ್ರು. ಟ್ಯಾಬ್‌ನಲ್ಲಿ ಒಂದೇ ಅಂಕಿ ಹಾಕೋಕೆ ಜಾಗ. ಹಾಕಿದೆ. ಆ ಅಂಕಿ ಈಗ ಯಾವುದೋ ಕೋಷ್ಟಕದಲ್ಲಿ ಕೂತಿದೆ.

ಅವರಿಗೆ ನಿಜವಾಗಿ ಬೇಕಿದ್ದ ಉತ್ತರ ಬೇರೆ. ತೋಪಿಗೆ ಔಷಧಿ ಹೊಡೆದ ರಾತ್ರಿ ಕೈ ನಡುಗುತ್ತೆ, ಅದು ಸಕ್ಕರೆದಾ, ಔಷಧಿದಾ? ಆ ಪ್ರಶ್ನೆಗೆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಹೊರದೇಶದ ದುಡ್ಡು ಹೋದ ವರ್ಷ ನಿಂತೋಯ್ತು. ಎರಡನೇ ಸುತ್ತು ರಕ್ತ ಪರೀಕ್ಷೆಗೆ ಬರ್ತೀವಿ ಅಂತ ಮನೆ ಮನೆಗೆ ಹೇಳಿದ್ದವನು ನಾನು. ಸಹಿ ಅವರದು, ಮಾತು ನನ್ನದು. ಈಗ ಆ ದಾರೀಲಿ ಬಸ್ಸು ಹೋದ್ರೆ ತಲೆ ತಗ್ಗಿಸ್ಕೊಂಡು ಕೂರ್ತೀನಿ. ಕೆಲಸ ಹೋಗಿದ್ದಕ್ಕಿಂತ ಇದು ಜಾಸ್ತಿ ಸುಡ್ತದೆ.

ಕೋಲಾರದ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 11.05

ನಾನು ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ. ಮಕ್ಕಳೇ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಒಂದು ಕಡೆ ನಿಮ್ಮ ತಕ್ಕಡಿ ವಾಲಿದೆ.

ಆ ವ್ಯಾನಿನವರು ಏನನ್ನೂ ಕೊಡಲಿಲ್ಲ ಎನ್ನುವುದು ಸರಿಯಲ್ಲ. ಐವತ್ತರ ದಶಕದವರೆಗೆ ಟಿಬಿ ಎಂದರೆ ಸ್ಯಾನಿಟೋರಿಯಂ, ಅಂದರೆ ರೋಗಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಆಸ್ಪತ್ರೆ. ಹಾಸಿಗೆ ಸಿಕ್ಕವನಿಗೆ ಆಸೆ, ಸಿಗದವನಿಗೆ ದೇವರು. ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಂಡರೂ ಅಷ್ಟೇ ಚೆನ್ನಾಗಿ ವಾಸಿಯಾಗುತ್ತದೆ ಎಂದು 1959ರಲ್ಲಿ ಮದ್ರಾಸಿನ ಅಧ್ಯಯನ ತೋರಿಸಿತು. ಅದರ ಬೆನ್ನಿಗೇ ತುಮಕೂರಿನ ಲೆಕ್ಕ ಬಂತು. ಎರಡೂ ಸೇರಿ ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ಟಿಬಿ ಮಾತ್ರೆ ಪುಕ್ಕಟೆ ಸಿಗುವಂತಾಗಿದೆ. ಶಿರಾದ ಹುಡುಗಿಯ ಮುತ್ತಾತನಿಗೆ ಬರಬೇಕಾದದ್ದು ಮರಿಮಕ್ಕಳ ಕಾಲಕ್ಕೆ ಬಂದಿದೆ. ಅಂಕಿಯ ಋಣ ಹೀಗೂ ತೀರುತ್ತದೆ.

ಮಾವಿನ ಯಜಮಾನರ ವಿಷಯದಲ್ಲೂ ಅಷ್ಟೆ. ಊರೂರಿಗೆ ಬೇರೆ ಬೇರೆ ಪ್ರಶ್ನೆ ಇಟ್ಟರೆ ಊರೂರಿನ ಹೋಲಿಕೆ ಹೇಗೆ? ಒಂದೇ ಅಳತೆಗೋಲು ಇದ್ದುದರಿಂದಲೇ ಜಗತ್ತಿನ ಟಿಬಿ ಹೊರೆಯಲ್ಲಿ ನಾಲ್ಕನೇ ಒಂದು ಪಾಲು ಭಾರತದ್ದು ಎಂದು ತಿಳಿದದ್ದು. 2015ರಲ್ಲಿ ಲಕ್ಷಕ್ಕೆ 237 ಇದ್ದದ್ದು 2023ಕ್ಕೆ 195ಕ್ಕೆ ಇಳಿಯಿತು ಎಂದು ಸಂತೋಷಪಡುವುದೂ, 2025ಕ್ಕೆ ಮುಗಿಸುತ್ತೇವೆ ಎಂದಿದ್ದ ಗುರಿ ಎಷ್ಟು ದೂರವಿತ್ತು ಎಂದು ಕಳವಳಪಡುವುದೂ ಅದೇ ಅಳತೆಯಿಂದ.

ಬಾಗೇಪಲ್ಲಿ ನೀರು · ಸೋಮವಾರ, ಮಧ್ಯಾಹ್ನ 1.30

ಮೇಷ್ಟ್ರೇ, ಅಳತೆಗೋಲು ಬೇಕು, ಒಪ್ತೀನಿ. ಅದು ಯಾರ ಮೈಗೆ ಹೊಲಿದದ್ದು ಅನ್ನೋದನ್ನೂ ನೋಡಬೇಕಲ್ವಾ?

ನಾನು ನೀರಲ್ಲಿ ಜಾಸ್ತಿಯಾದ್ರೆ ಹಲ್ಲು, ಮೂಳೆ ಕೆಡಿಸೋ ಫ್ಲೋರೈಡ್ ಮೇಲೆ ಕೆಲಸ ಮಾಡ್ತಿದೀನಿ, ಬಾಗೇಪಲ್ಲಿ, ಗುಡಿಬಂಡೆ ಕಡೆ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ತನಕ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನಮ್ಮ ದೇಶದ ಮಾನಕ 1.0 ಅನ್ನುತ್ತೆ, ಬೇರೆ ನೀರೇ ಇಲ್ಲದಿದ್ರೆ 1.5. ಈಗ ನೋಡಿ, ಅಮೆರಿಕದವರು 1962ರಲ್ಲೇ ತಮ್ಮ ಮಾನಕವನ್ನ ಊರಿನ ಸೆಕೆ ನೋಡಿ ಗೊತ್ತು ಮಾಡಿದ್ರು. ತಂಪು ಊರಿಗೆ 1.2, ಸೆಕೆಯ ಊರಿಗೆ 0.7. ಸೆಕೆ ಇದ್ದಲ್ಲಿ ಜನ ಹೆಚ್ಚು ನೀರು ಕುಡೀತಾರೆ ಅನ್ನೋ ಸರಳ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯೂ ಹವೆ, ಕುಡಿಯೋ ನೀರಿನ ಪ್ರಮಾಣ, ಆಹಾರದಿಂದ ಬರೋ ಫ್ಲೋರೈಡ್ ನೋಡಿ ದೇಶದ ಮಿತಿ ಹಾಕ್ಕೊಳ್ಳಿ ಅಂತ ಬರೆದಿದೆ. ಆ ಸಾಲು ಪುಸ್ತಕದಲ್ಲೇ ಉಳೀತು, 1.5 ಮಾತ್ರ ಹಳ್ಳಿಗೆ ಬಂತು.

ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ಬಿಡಿಸೋ ಹೆಂಗಸು ಎಷ್ಟು ನೀರು ಕುಡೀತಾಳೆ ಅಂತ ನಾನು ಒಂದು ದಿನ ಜೊತೆಗಿದ್ದು ನೋಡಿದೆ. ಬೆಳಿಗ್ಗೆ ಅಂಬಲಿ ಒಂದು ಚೊಂಬು. ಹೊಲಕ್ಕೆ ಎರಡು ಲೀಟರಿನ ಬಾಟ್ಲಿ, ಹನ್ನೆರಡು ಗಂಟೆಗೆ ಖಾಲಿ, ಬೋರ್ ಹತ್ರ ಹೋಗಿ ಮತ್ತೆ ತುಂಬಿದ್ಲು. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತೆ. ಕ್ಯಾನ್ ನೀರು ಕುಡಿಯೋಕೆ ಮಾತ್ರ. ಮುದ್ದೆಗೆ ಎಸರಿಡೋದು, ಬೇಳೆ ಬೇಯಿಸೋದು ಎಲ್ಲ ಕೊಳಾಯಿದು, ಅಂದ್ರೆ ಸಾವಿರ ಅಡಿಗೂ ಕೆಳಗಿನ ಬೋರ್‌ದು. ಘಟಕ ಇದೆ ಅಂತ ಕಡತದಲ್ಲಿ ಆ ಊರು ಸುರಕ್ಷಿತ. ಶಾಲೆಗೆ ಹೋಗಿ ಐದನೇ ಕ್ಲಾಸಿನ ಮಕ್ಕಳು ನಗೋದು ನೋಡಿ, ಹಲ್ಲಿನ ಮೇಲೆ ಕಂದು ಗೆರೆ.

ಈ ಕೆಲಸಕ್ಕೆ ಅಂತ ಜನ ನೀರು ಕೊಟ್ರು, ಮೂತ್ರ ಕೊಟ್ರು, ಮಕ್ಕಳ ಹಲ್ಲು ತೋರ್ಸಿದ್ರು. ಆರು ತಿಂಗಳಾಯ್ತು. ನಾನೂ ವಾಪಸ್ ಏನೂ ಕೊಟ್ಟಿಲ್ಲ. ಲೇಖನ ಪ್ರಕಟ ಆಗೋ ತನಕ ಅಂಕಿ ಹೊರಗೆ ಬಿಡಬೇಡ ಅಂತ ಮೇಲಿನವರು ಹೇಳಿದಾರೆ. ಈ ಚರ್ಚೆ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಚಿಂತಾಮಣಿ ಕಾನೂನು · ಸೋಮವಾರ, ಸಂಜೆ 6.20

ಅಜ್ಜಿಯ ಫೋಟೋ ಪ್ರಶ್ನೆ ದೇಶ ದೇಶಗಳ ನಡುವೆಯೂ ಇದೆ. ನಾನು ಓದ್ತಿರೋದು ಅದನ್ನೇ.

2007ರಲ್ಲಿ ಇಂಡೊನೇಷ್ಯಾ ಹಕ್ಕಿಜ್ವರದ ವೈರಸ್ ಮಾದರಿ ಹಂಚಿಕೊಳ್ಳಲ್ಲ ಅಂತ ಹಟ ಹಿಡೀತು. ಅವರು ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಕೊಟ್ಟ ವೈರಸ್‌ನಿಂದ ಹೊರದೇಶದ ಕಂಪನಿ ಲಸಿಕೆ ತಯಾರಿಸೋಕೆ ಹೊರಟಿತ್ತು, ಆ ಲಸಿಕೆ ಕೊಳ್ಳೋ ಶಕ್ತಿ ಇಂಡೊನೇಷ್ಯಾಕ್ಕೇ ಇರಲಿಲ್ಲ. ಬಹಳ ಜನ ಬೈದ್ರು, ಜಗತ್ತನ್ನ ಅಪಾಯಕ್ಕೆ ದೂಡ್ತಿದೀರಿ ಅಂದ್ರು. ಆದ್ರೆ ಆ ಹಟದಿಂದಲೇ 2011ರಲ್ಲಿ ಒಂದು ಒಪ್ಪಂದ ಬಂತು: ಮಾದರಿ ಕೊಟ್ಟವರಿಗೆ ಲಾಭದಲ್ಲೂ ಪಾಲು. ಕೋವಿಡ್ ಆದ ಮೇಲೆ 2025ರ ಮೇ 20ರಂದು ಜಿನೀವಾದಲ್ಲಿ ಸಾಂಕ್ರಾಮಿಕ ಒಪ್ಪಂದ ಅಂಗೀಕಾರವಾಯ್ತು. ಮಾದರಿ ಬಳಸೋ ಕಂಪನಿಗಳು ತಮ್ಮ ಲಸಿಕೆ, ಔಷಧಿ, ಪರೀಕ್ಷಾ ಸಾಮಗ್ರಿ ತಯಾರಾಗ್ತಿದ್ದ ಹಾಗೇ ಅದರ ಶೇಕಡ 20ರಷ್ಟು ವಿಶ್ವ ಆರೋಗ್ಯ ಸಂಸ್ಥೆಗೆ ಸಿಗೋ ಹಾಗೆ ಮಾಡಬೇಕು, ಆ 20ರಲ್ಲಿ ಕನಿಷ್ಠ 10 ದಾನವಾಗಿ ಅನ್ನೋ ಗುರಿ ಒಪ್ಪಂದದಲ್ಲಿದೆ. ಅದನ್ನ ಜಾರಿಗೆ ತರೋ ಅನುಬಂಧವನ್ನ ಮಾತ್ರ ಆಮೇಲಿನ ಮಾತುಕತೆಗೆ ಬಿಟ್ರು. ಅದೇ ವರ್ಷ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಗೆ ಹೋಗ್ತೀನಿ ಅಂತ ಘೋಷಿಸಿತ್ತು. ಹೊರದೇಶದ ದುಡ್ಡು ನಿಂತು, ಮುಳಬಾಗಿಲಿನ ಸಹೋದರನಂಥವರು ಎಷ್ಟೋ ದೇಶಗಳಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳೋಕೆ ಆಗದೇ ಕೂತಿದಾರೆ.

ಜಿನೀವಾದಲ್ಲಿ ನಮ್ಮ ದೇಶ ಏನು ಕೇಳುತ್ತೋ, ಅದನ್ನೇ ಗುಡಿಬಂಡೆಯ ಹೆಂಗಸು ನಮ್ಮನ್ನ ಕೇಳ್ತಿದಾಳೆ. ನಾವು ಅಲ್ಲಿ ಒಂದು ನ್ಯಾಯ, ಇಲ್ಲಿ ಒಂದು ನ್ಯಾಯ ಇಟ್ಕೊಳ್ಳೋಕೆ ಆಗಲ್ಲ.

ಕೊರಟಗೆರೆ ಆಶಾ · ಸೋಮವಾರ, ರಾತ್ರಿ 9.10

ನಾನು ಆಶಾ ಕಾರ್ಯಕರ್ತೆ. ನನ್ನ ಮಗಳು ಇದನ್ನ ಓದಿ ಹೇಳಿದಳು, ನಾನು ಹೇಳ್ತಿದೀನಿ, ಅವಳು ಟೈಪ್ ಮಾಡ್ತಾವಳೆ.

ಅಮ್ಮಾ, ನೀವು ಊರಿಗೆ ಬಂದಾಗ ಯಾವ ಮನೆಯಲ್ಲಿ ಯಾರು ಕೆಮ್ತಾರೆ ಅಂತ ತೋರಿಸೋದು ನಾನು. ನಾಯಿ ಬಂದ್ರೆ ಅಟ್ಟೋದು ನಾನು. ನನ್ನ ಮುಖ ನೋಡಿ ಅವರು ಬಾಗಿಲು ತೆಗೀತಾರೆ. ನೀವು ಹೋಗ್ತೀರ. ಆಮೇಲೆ ಕೊಳಾಯಿ ಹತ್ರ, ರೇಷನ್ ಅಂಗಡಿ ಹತ್ರ, ಮದುವೆ ಮನೇಲಿ ಎಲ್ಲ ಕಡೆ ನನ್ನ ಕೇಳ್ತಾರೆ, "ಆವತ್ತು ರಕ್ತ ತಗೊಂಡೋದ್ರಲ್ಲ, ಏನಾಯ್ತು?" ನಾನೇನು ಹೇಳಲಿ? ಬರ್ತದೆ ಅಂತೀನಿ. ಒಂದು ಸಲ, ಎರಡು ಸಲ. ಮೂರನೇ ಸಲ ನನ್ನ ಮಾತಿಗೆ ಬೆಲೆ ಹೋಗ್ತದೆ. ಆಮೇಲೆ ಲಸಿಕೆಗೆ ಕರೆದ್ರೂ ಬರಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ನಮಗೆಲ್ಲ ಪ್ರಶಸ್ತಿ ಬಂತು, ಟಿವಿಯಲ್ಲಿ ನೋಡಿ ಕಣ್ಣಲ್ಲಿ ನೀರು ಬಂತು. ನಿಮ್ಮ ಹತ್ರ ನನಗೆ ಪ್ರಶಸ್ತಿ ಬೇಡ. ಬಂದಿಲ್ಲ ಅಂದ್ರೆ ಬಂದಿಲ್ಲ ಅಂತ ಒಂದು ಫೋನ್ ಮಾಡಿ. ಅಷ್ಟು ಮಾಡಿದ್ರೂ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡ್ತೀನಿ.

ಕೆಜಿಎಫ್ ಮಗ · ಸೋಮವಾರ, ರಾತ್ರಿ 9.45

ಆಶಾ ಅಕ್ಕ, ಕೈ ಮುಗೀತೀನಿ. ನಮ್ಮ ತಂದೆ ಗಣಿಯಲ್ಲಿದ್ರು, 2001ರಲ್ಲಿ ಮುಚ್ಚೋ ತನಕ. ಕಲ್ಲಿನ ಧೂಳು ಎದೆಯಲ್ಲಿ ಕೂತವರಿಗೆ ಟಿಬಿ ಬೇಗ ಹತ್ತುತ್ತೆ. ನಮ್ಮ ಲೈನ್ ಮನೆಗಳಿಗೆ ಸಮೀಕ್ಷೆಯವರು ಕನ್ನಡ ನಮೂನೆ ತರ್ತಾರೆ, ನಮ್ಮ ಅಮ್ಮನಿಗೆ ತಮಿಳು ಬಿಟ್ರೆ ಬರಲ್ಲ. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ. ನಮೂನೆಯಲ್ಲಿ ಈಗಿನ ಕೆಲಸ ಏನು ಅಂತ ಇದೆ, ಹಿಂದೆ ಏನು ಮಾಡ್ತಿದ್ರಿ ಅಂತ ಇಲ್ಲ. ತಂದೆ ಹೆಸರಿನ ಮುಂದೆ 'ಕೆಲಸವಿಲ್ಲ' ಅಂತ ಬರ್ಕೊಂಡು ಹೋದ್ರು.

ಕೋಲಾರದ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6.30

ಕೆಜಿಎಫ್ ಹುಡುಗನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಗಣಿಯಲ್ಲಿ ದುಡಿದವನ ಹೆಸರಿನ ಮುಂದೆ 'ಕೆಲಸವಿಲ್ಲ' ಎಂದು ಬರೆದ ಮೇಲೆ ಧೂಳಿಗೂ ಟಿಬಿಗೂ ಇರುವ ನಂಟು ಯಾವ ಲೆಕ್ಕದಲ್ಲಿ ಕಂಡೀತು? ಒಂದೇ ಅಳತೆಗೋಲು ಬೇಕು ಎಂದ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಅದರ ಪಕ್ಕದಲ್ಲಿ ಊರಿನದೊಂದು ಪ್ರಶ್ನೆಗೆ ಜಾಗ ಬಿಡಬೇಕು ಎಂದು ಸೇರಿಸುತ್ತೇನೆ.

ಬಾಗೇಪಲ್ಲಿಯವರಿಗೆ: ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ ತೆಗೆದು ನೋಡಿ. ಅಧ್ಯಯನದ ಒಟ್ಟು ಫಲಿತಾಂಶವನ್ನು ತಿಳಿಯುವ ಅವಕಾಶ ಭಾಗವಹಿಸಿದ ಎಲ್ಲರಿಗೂ ಇರಬೇಕು ಎಂದು ಅದರಲ್ಲಿದೆ. ನಿಮ್ಮ ಮೇಲಿನವರಿಗೆ ಅದನ್ನು ತೋರಿಸಿ ವಿನಯದಿಂದ ಮಾತನಾಡಿ. ಆದರೆ ಒಂದು ಎಚ್ಚರ. ಯಾವ ಮಗುವಿನ ಹಲ್ಲು, ಯಾರ ಮೂತ್ರ ಎಂಬುದು ಆ ಮನೆಯವರಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಹೆಣ್ಣುಮಕ್ಕಳ ಮದುವೆ ಮಾತುಕತೆಗೆ ಅಡ್ಡ ಬಂದೀತು. ಬೋರ್‌ವೆಲ್ ನೀರು ಊರಿನದು, ಅದರ ಲೆಕ್ಕ ಎಲ್ಲರೆದುರು ಇಡಬಹುದು.

ಬಾಗೇಪಲ್ಲಿ ನೀರು · ಗುರುವಾರ, ರಾತ್ರಿ 8.40

ಮೇಷ್ಟ್ರೇ, ಮಾತಾಡಿದೆ. ಮನೆಯವರ ಫಲಿತಾಂಶಕ್ಕೆ ಇನ್ನೂ ಸ್ವಲ್ಪ ದಿನ ಕಾಯಿ ಅಂದ್ರು. ನೀರಿನ ಅಂಕಿ ಕೊಡೋಕೆ ಒಪ್ಪಿದ್ರು.

ಎಲ್ಲಿ ಹಾಕೋದು ಅಂತ ಯೋಚನೆ ಮಾಡಿ ಪಂಚಾಯಿತಿ ಬಿಟ್ಟು ಹಾಲಿನ ಡೈರಿ ಆರಿಸಿಕೊಂಡೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಎಲ್ಲ ಮನೆಯವರೂ ಕ್ಯಾನ್ ಹಿಡ್ಕೊಂಡು ಬರೋ ಜಾಗ ಅದೊಂದೇ. ಅಲ್ಲಿ ಹಾಲು ಹಾಕಿದ ಕೂಡಲೇ ಮಷಿನ್ ಫ್ಯಾಟ್ ಎಷ್ಟು ಅಂತ ತೋರಿಸುತ್ತೆ, ಚೀಟಿ ಕೈಗೆ ಬರುತ್ತೆ. ಕಡಿಮೆ ಬಂದ್ರೆ ಅಲ್ಲೇ ಜಗಳ, ಅಲ್ಲೇ ಇನ್ನೊಂದು ಸಲ ನೋಡ್ತಾರೆ. ಇವತ್ತು ಬೆಳಿಗ್ಗೆ ಕಾರ್ಯದರ್ಶಿ ಹತ್ರ ಕೇಳಿದಾಗ ಸಾಲಲ್ಲಿದ್ದ ಒಬ್ಬರು ತಾಯಿ, "ಎಮ್ಮೆ ಹಾಲಿಂದು ಎರಡು ನಿಮಿಷಕ್ಕೆ ಹೇಳ್ತಾರೆ, ನಮ್ಮ ಮಕ್ಕಳು ಕುಡಿಯೋ ನೀರಿಂದು ಆರು ತಿಂಗಳಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ತಪ್ಪಾಯ್ತಮ್ಮ ಅಂದೆ.

ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆ ಬರೆದು, ಏಳು ಬೋರ್‌ಗೂ ಜನ ಕರೆಯೋ ಹೆಸರೇ ಹಾಕಿದೀನಿ, ಮುನೇಶ್ವರನ ಗುಡಿ ಬೋರು, ಸ್ಕೂಲ್ ಬೋರು ಹೀಗೆ. ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು. ಯಾವುದರಲ್ಲಿ ಎಸರಿಡಬಹುದು, ಯಾವುದು ಪಾತ್ರೆ ತೊಳೆಯೋಕೆ ಮಾತ್ರ ಅಂತ ಬಣ್ಣ ಹಾಕಿದೀನಿ.

ಶಿರಾ ಸೀಮೆ · ಗುರುವಾರ, ರಾತ್ರಿ 9.15

ಯಾವತ್ತು ಅಂಟಿಸ್ತೀರಿ? ನಾನು ಬರ್ತೀನಿ. ಕೊರಟಗೆರೆಯ ಅಕ್ಕನಿಗೆ ಫೋನ್ ಮಾಡಿದ್ದೆ, ಅವರೂ ಮಗಳ ಜೊತೆ ಬರ್ತಾರಂತೆ.

ಬಾಗೇಪಲ್ಲಿ ನೀರು · ಗುರುವಾರ, ರಾತ್ರಿ 9.20

ಭಾನುವಾರ. ಬೆಳಿಗ್ಗೆ ಆರಕ್ಕೇ ಹಾಲು ಹಾಕೋಕೆ ಶುರು ಮಾಡ್ತಾರೆ, ಅಷ್ಟೊತ್ತಿಗೆ ಬಸ್ಸಿಲ್ಲ. ಶನಿವಾರ ರಾತ್ರಿಯೇ ಬಂದುಬಿಡಿ, ನಮ್ಮನೇಲಿ ಉಳ್ಕೊಳ್ಳಿ. ಅಮ್ಮನಿಗೆ ಹೇಳಿದೀನಿ.